ಎಲ್ಲಿಗೆ ಎಂದು ಕೇಳಬಾರದು

ಹಿತ್ತಿಲ ಜಗಲಿಯ ಮೇಲೆ ನಾವು ಮೂವರು ಹೆಂಗಸರು ಕೂತಿದ್ದೆವು. ದೊಡ್ಡಮ್ಮ ಗೋಡೆಗೊರಗಿ ಕಾಲು ಚಾಚಿಕೊಂಡಿದ್ದಳು. ಅವಳ ಮೊಮ್ಮಗಳು ಪವಿತ್ರ ಆಗತಾನೇ ಡ್ಯೂಟಿ ಮುಗಿಸಿ ಬಂದು, ಖಾಕಿಯನ್ನೂ ಬದಲಾಯಿಸದೆ ಕಂಬಕ್ಕೆ ಆನಿಕೊಂಡಿದ್ದಳು. ತವರಿಗೆ ಬಂದವಳು ಸುಮ್ಮನೆ ಕೂರಬಾರದೆಂದು ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ನಮ್ಮ ನಡುವೆ, ಪಂಚಾಯ್ತಿಗೆ ಹಿಡಿದು ತಂದ ಕಳ್ಳನ ಹಾಗೆ, ಒಂದು ಹಳೇ ಮಡಕೆ ಕೂತಿತ್ತು.

ಮುಂದಿನ ಪಡಸಾಲೆಯ ಮಂಚದ ಮೇಲೆ ದೊಡ್ಡಪ್ಪ ಮಲಗಿದ್ದರು. ಮಲಗಿದ್ದರು ಅಂದರೆ ಕಣ್ಣು ಮುಚ್ಚಿದ್ದರು. ನಿಜವಾಗಿ ನಿದ್ದೆ ಬಂದಿದ್ದರೆ ಗೊರಕೆ ಬಸ್ ಸ್ಟಾಪಿನ ತನಕ ಕೇಳಬೇಕಿತ್ತು. ಗೊರಕೆ ಇರಲಿಲ್ಲ. ಕಿವಿ ತೆರೆದುಕೊಂಡೇ ಮಲಗಿದ್ದಾರೆ ಎಂದು ನಮಗೆಲ್ಲ ಗೊತ್ತಾಗಿಹೋಯಿತು.

"ರೇಷ್ಮೆಹುಳದ ಮನೆ ಹಿಂದೆ ಸಿಕ್ತು ಅಜ್ಜಿ," ಪವಿತ್ರ ಪಿಸುಗುಟ್ಟಿದಳು. "ಬೋರಲು ಹಾಕಿತ್ತು. ಒಳಗೆ ಸಗಣಿ, ಹುಲ್ಲು. ತೇವ ಕೂಡ ಆರಿಲ್ಲ ನೋಡು."

"ನಮ್ಮನೇಲಿ ಕೋಳಿ ಇಲ್ಲ, ಮರಿ ಇಲ್ಲ. ಗೆದ್ಲು ಯಾರಿಗಂತೆ?" ಅಂದಳು ದೊಡ್ಡಮ್ಮ, ಇನ್ನೂ ಮೆತ್ತಗೆ.

"ಕೌಜುಗಕ್ಕೆ!" ಅಂದೆ ನಾನು.

ಮುಂದಿನ ಪಡಸಾಲೆಯಲ್ಲಿ ಮಂಚ ಕಿರ್ರೆಂದಿತು. ಒಂದು ಕೆಮ್ಮು ಕೇಳಿಸಿತು. ಆಮೇಲೆ, ಬಹಳ ತಡವಾಗಿ, ಒಂದು ಗೊರಕೆ.

"ಮೆತ್ತಗೆ ಮಾತಾಡೇ ನಮ್ಮವ್ವ! ದೊಡ್ಡಬಳ್ಳಾಪುರದ ಬಾಯಿ ನಿಂದು!" ದೊಡ್ಡಮ್ಮ ನನ್ನ ತೊಡೆಗೆ ಚಿವುಟಿದಳು.

ಅವಳು ಹೇಳಿದ್ದು ಸುಳ್ಳಲ್ಲ. ನನ್ನನ್ನು ಕೊಟ್ಟದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ. ನಡುಮನೆಯಲ್ಲಿ ಪವರ್‌ಲೂಮ್ ಓಡುತ್ತಿರುವಾಗ ಸಾರಿಗೆ ಉಪ್ಪು ಸಾಕೇ ಎಂದು ಕೇಳುವುದಕ್ಕೂ ಗಂಟಲು ಹರಿಯುವ ಹಾಗೆ ಕೂಗಬೇಕು. ಬರಬರುತ್ತ ಅದೇ ನನ್ನ ಮಾಮೂಲಿ ದನಿಯಾಗಿಬಿಟ್ಟಿತು. ಕರೆಂಟು ಹೋದಾಗಂತೂ ನನ್ನ ಪಾಡು ಬೇಡ. ಮಗ್ಗ ದಿಢೀರನೆ ನಿಂತು, ನಾದಿನಿಯ ಮೇಲೆ ನಾನು ಹೇಳುತ್ತಿದ್ದ ಚಾಡಿ ಇಡೀ ಬೀದಿಗೆ ಸ್ಪಷ್ಟವಾಗಿ ಕೇಳಿದ್ದುಂಟು. ಇಂಥವಳನ್ನು ದೊಡ್ಡಮ್ಮ ಗುಟ್ಟಿನ ಕೆಲಸಕ್ಕೆ ಸೇರಿಸಿಕೊಂಡಳೆಂದರೆ ಅವಳಿಗೆ ಎಷ್ಟು ಗಾಬರಿಯಾಗಿತ್ತೆಂದು ನೀವೇ ಲೆಕ್ಕ ಹಾಕಿ.

ಮಡಕೆಗೆ ಯಾಕಿಷ್ಟು ಗಾಬರಿ ಎನ್ನುತ್ತೀರೇನೋ. ನಮ್ಮ ದೇವನಹಳ್ಳಿ ವಿಜಯಪುರದ ಕಡೆ ಹಳ್ಳಿಗಳಲ್ಲಿ ಒಡಕು ಮಡಕೆಗೆ ಸಗಣಿ, ಒಣಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಬೋರಲು ಹಾಕುತ್ತಾರೆ. ಬೆಳಿಗ್ಗೆ ಎತ್ತಿದರೆ ಒಳಗೆಲ್ಲ ಗೆದ್ದಲು ಗಿಜಿಗುಡುತ್ತಿರುತ್ತದೆ. ಕೋಳಿಮರಿಗಳಿಗೆ ಅದು ಹಬ್ಬದೂಟ. ಆದರೆ ನಮ್ಮ ಮನೆಯಲ್ಲಿ ಕೋಳಿ ಸಾಕಿ ಎಷ್ಟೋ ಕಾಲವಾಗಿತ್ತು. ಕೋಳಿ ಬಿಟ್ಟರೆ ಗೆದ್ದಲಿಗೆ ಪ್ರಾಣ ಬಿಡುವ ಇನ್ನೊಂದು ಹಕ್ಕಿಯೆಂದರೆ ಕೌಜುಗ. ಕೋಳಿಗಿಂತ ಚಿಕ್ಕದು, ಹೊಲದ ಮಣ್ಣಿನ ಬಣ್ಣ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಬೆಳಿಗ್ಗೆ, ಸಂಜೆ ಬೇಲಿ ಸಂದಿಯಿಂದ 'ಕಿಟೀಕ್ರ, ಕಿಟೀಕ್ರ' ಎಂದು ಜಗಳಕ್ಕೆ ಕರೆದ ಹಾಗೆ ಕೂಗುತ್ತದೆ. ಆ ಜಗಳಗಂಟಿ ಬುದ್ಧಿಯಿಂದಲೇ ಅದು ದೊಡ್ಡಪ್ಪನ ಕೈಗೆ ಸಿಗುತ್ತಿದ್ದದ್ದು.

ದೊಡ್ಡಪ್ಪನ ಹೆಸರು ಮುನಿಶಾಮಪ್ಪ. ಊರಿನವರಿಗೆ ಕೌಜುಗದ ಮುನಿಶಾಮಣ್ಣ. ರಾಗಿ, ಹುರುಳಿ, ಆಮೇಲೆ ಹಿಪ್ಪುನೇರಳೆ, ಒಂದಿಷ್ಟು ದ್ರಾಕ್ಷಿ ಎಲ್ಲ ಬೆಳೆದ ಗಟ್ಟಿ ರೈತ. ಆದರೆ ಅವರ ಒಕ್ಕಲುತನದಲ್ಲೂ ಒಂದು ಒಳಸಂಚಿತ್ತು. ರಾಗಿ ಹೊಲದ ಅಂಚಿಗೆ ಒಂದು ಸಾಲು ನವಣೆ ಬಿತ್ತುತ್ತಿದ್ದರು. ಅದನ್ನು ಯಾರೂ ಕೊಯ್ಯುವಂತಿರಲಿಲ್ಲ. "ನಾವು ತಿನ್ನೋಕಲ್ಲ ಕಣೇ, ಈ ಯಪ್ಪನ ನೆಂಟರಿಗೆ" ಎಂದು ದೊಡ್ಡಮ್ಮ ಮೂಗು ಮುರಿಯುತ್ತಿದ್ದಳು. ನೆಂಟರು ನವಣೆ ತಿನ್ನಲು ಬರುತ್ತಿದ್ದರು, ದೊಡ್ಡಪ್ಪ ಸಾಕಿದ ಕೌಜುಗದ ಗೂಡನ್ನು ಬಟ್ಟೆ ಮುಚ್ಚಿ ಒಯ್ದು ಹೊಂಗೆ ಬುಡದಲ್ಲಿ ಇಡುತ್ತಿದ್ದರು. ಬಟ್ಟೆ ತೆಗೆದ ಕೂಡಲೇ ಒಳಗಿನದು ಕೂಗುತ್ತಿತ್ತು. ನನ್ನ ಹೊಲದಲ್ಲಿ ಇವನ್ಯಾವನು ಎಂದು ಬೇಲಿಯೊಳಗಿನ ಗಂಡು ಕತ್ತು ಉಬ್ಬಿಸಿಕೊಂಡು ಓಡಿಬರುತ್ತಿತ್ತು. ಗೂಡಿನ ಸುತ್ತ ಕುದುರೆ ಬಾಲದ ಕೂದಲಿನಲ್ಲಿ ಹೆಣೆದ ಉರುಳುಗಳು ನೆಟ್ಟಿರುತ್ತಿದ್ದವು. ಅಷ್ಟೇ.

ಆ ಸಾಕಿದ ಹಕ್ಕಿಗೆ ಚಿನ್ನಿ ಎಂದು ಹೆಸರಿತ್ತು. ನಾನು ಲಂಗ ತೊಡುತ್ತಿದ್ದ ಕಾಲಕ್ಕೆ ಅದು ನಾಯಿಯ ಹಾಗೆ ದೊಡ್ಡಪ್ಪನ ಹಿಂದೆ ಹೊಲಕ್ಕೆಲ್ಲ ನಡೆದುಕೊಂಡು ಹೋಗುತ್ತಿತ್ತು. ದೊಡ್ಡಪ್ಪ ಊಟಕ್ಕೆ ಕೂತರೆ ಮೊದಲ ತುತ್ತು ಅದಕ್ಕೆ. "ನನ್ನ ಸವತಿ ಉಂಡಾಯ್ತಾ? ಹಂಗಾರೆ ಇನ್ನು ನಮಗೆ ಇಕ್ಕಬೌದು" ಎಂದು ದೊಡ್ಡಮ್ಮ ಮುದ್ದೆ ತಿರುವುತ್ತ ಹೇಳುತ್ತಿದ್ದಳು. ಬೇಟೆಯ ಸಾರನ್ನು ಬಲು ರುಚಿಯಾಗಿ ಮಾಡುತ್ತಿದ್ದಳು, ತಾನು ಮಾತ್ರ ಮಜ್ಜಿಗೆಯಲ್ಲಿ ಉಣ್ಣುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ನಾನಂತೂ ಅವಳ ಪಾಲಿನ ತುಂಡು ನನಗೆ ಬರುತ್ತಿದ್ದದ್ದರಿಂದ ಆ ವಿಚಾರ ಎತ್ತುವ ಗೋಜಿಗೇ ಹೋಗಲಿಲ್ಲ.

ಬೇಟೆಗಾರರನ್ನು ಧೈರ್ಯವಂತರು ಎನ್ನುತ್ತಾರೆ. ನಾನು ಕಂಡ ಬೇಟೆಗಾರ ಮಹಾ ಅನುಮಾನದ ಮನುಷ್ಯ. ಹಗಲೂ ಇರುಳೂ ಬೇರೆ ಪ್ರಾಣಿಗಳನ್ನು ಮೋಸಗೊಳಿಸುವ ದಾರಿ ಹುಡುಕುವವರಿಗೆ, ತಮ್ಮನ್ನೂ ಯಾರೋ ಹಾಗೇ ಕಾಯುತ್ತಿದ್ದಾರೆ ಅನ್ನಿಸುತ್ತದೋ ಏನೋ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವಾಗ ದೊಡ್ಡಪ್ಪನಿಗೆ ಬೆನ್ನಿಗೆ ಗೋಡೆ ಬೇಕು. ಕುರ್ಚಿಯಲ್ಲಿ ಕೂರುವ ಮುಂಚೆ ಗಾಳಿ ಎತ್ತ ಬೀಸುತ್ತಿದೆ ನೋಡಬೇಕು. ಬಸ್ಸಿಗೆ ಹೊರಟರೂ ಚಿಟಿಕೆ ಮಣ್ಣು ತೂರಿ ನೋಡುತ್ತಿದ್ದರೆಂದು ದೊಡ್ಡಮ್ಮ ಆಣೆ ಮಾಡಿ ಹೇಳುತ್ತಾಳೆ. ಪಡುವಲ ಕಡೆ ಬೇಟೆಯಿದ್ದರೆ ಮೂಡಲ ಕಡೆ ಹೊರಟು, ಊರು ಸುತ್ತಿ, ಕೆರೆ ಏರಿಯ ಮೇಲೆ ಬಂದು ಪಡುವಲಕ್ಕೆ ಹೋಗುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಪಥ್ಯವೆಂದರೆ, ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಇದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವುದೇ. ಹೊಸಿಲು ದಾಟುವವರನ್ನು ಎಲ್ಲಿಗೆ ಎಂದರೆ ಹೋದ ಕೆಲಸ ಆಗುವುದಿಲ್ಲ. ಬೇಕಾದರೆ 'ದೂರ ಹೊರಟ್ರಾ?' ಅನ್ನಬೇಕು. ಅಕಸ್ಮಾತ್ ಯಾರಾದರೂ ಕೇಳಿಯೇಬಿಟ್ಟರೆ, ಹೊರಟವರು ಒಳಗೆ ಬಂದು, ಕೂತು, ಒಂದು ಗುಟುಕು ನೀರು ಕುಡಿದು, ಮತ್ತೆ ಹೊರಡಬೇಕು. ದೊಡ್ಡಪ್ಪ ಇದನ್ನು ಕಾನೂನು ಮಾಡಿಬಿಟ್ಟಿದ್ದರು. ಎಲ್ಲಿಗೆ ಎಂದು ಕೇಳಿದವರ ಮನೆಗೆ ಬೇಟೆಯ ಪಾಲು ಹೋಗುತ್ತಿರಲಿಲ್ಲ.

ಪಾಲಿನ ಆಸೆಗೆ ಇಡೀ ಬೀದಿ ನಾಟಕ ಕಲಿಯಿತು. ಹೆಗಲಿಗೆ ಚೀಲ ಏರಿಸಿ ದೊಡ್ಡಪ್ಪ ಹೊರಬಂದರೆ ಸಾಕು, ರಂಗೋಲಿ ಹಾಕುತ್ತಿದ್ದ ಹೆಂಗಸರು ಗೋಡೆ ಕಡೆ ತಿರುಗುತ್ತಿದ್ದರು. ಅರಳಿಕಟ್ಟೆಯ ಮುದುಕರು ಮೋಡವಿಲ್ಲದ ಆಕಾಶದಲ್ಲಿ ಮಳೆ ಹುಡುಕುತ್ತಿದ್ದರು. ತನ್ನನ್ನು ಯಾರೂ ನೋಡಲಿಲ್ಲವೆಂದು ದೊಡ್ಡಪ್ಪ ನಂಬಿಕೊಂಡು ಹೋಗುತ್ತಿದ್ದರು. ಅವರು ತಿರುವು ದಾಟಿದ್ದೇ ತಡ, "ಇವತ್ತು ಕೆರೆ ಹಿಂದ್ಲ ಕಡೆ ಕಣೇ, ಮಸಾಲೆ ಅರೆದಿಡು" ಎಂದು ಮನೆಮನೆಯಲ್ಲೂ ಮಾತು.

ಇಡೀ ಊರಿನಲ್ಲಿ ಹೆದರದೆ ಕೇಳುತ್ತಿದ್ದವಳೆಂದರೆ ದೊಡ್ಡಮ್ಮ ಒಬ್ಬಳೇ. ಮೂಲಂಗಿ ಕೀಳುವುದಿದೆ, ಹುಳಕ್ಕೆ ಸೊಪ್ಪು ಕುಯ್ಯುವುದಿದೆ ಎಂದಾಗ ಚೀಲ ಹೆಗಲಿಗೇರಿದರೆ, ಅಡಿಗೆಮನೆಯಿಂದಲೇ ರಾಗ ಎಳೆದು "ಎಲ್ಲಿಗೇ...?" ಅನ್ನುತ್ತಿದ್ದಳು. ದೊಡ್ಡಪ್ಪ ಹಲ್ಲು ಕಚ್ಚಿಕೊಂಡು ವಾಪಸು ಬಂದು, ಕೂತು, ನೀರು ಕುಡಿದು, ಏಳುತ್ತಿದ್ದರು. ಹೊಸಿಲಿಗೆ ಕಾಲಿಡುವಷ್ಟರಲ್ಲಿ ಮತ್ತೆ "ಎಲ್ಲಿಗೇ...?" ಒಮ್ಮೆ ಹೀಗೇ ಕುಡಿದೂ ಕುಡಿದೂ ಹೊಟ್ಟೆಯೆಲ್ಲ ನೀರಾಗಿ, ಹೋಗುವುದನ್ನೇ ಬಿಟ್ಟು ಸೊಪ್ಪು ಕುಯ್ಯಲು ಹೋದರಂತೆ.

ಅವರ ಹತ್ತಿರ ಒಂದು ನಾಡಬಂದೂಕೂ ಇತ್ತು, ಪರವಾನಗಿ ಸಮೇತ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಆ ದಿನಗಳಲ್ಲಿ ದೊಡ್ಡಪ್ಪ ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಮಂಕಾಗಿ ಕೂರುತ್ತಿದ್ದರು. ಕೊನೆಗೊಂದು ಸಲ ಹೋದ ಬಂದೂಕನ್ನು ವಾಪಸು ತರಲಿಲ್ಲ. ಕಾನೂನು ಬಿಗಿಯಾಗಿತ್ತು, ಪಕ್ಕದೂರಿನಲ್ಲಿ ಮೊಲ ಹೊಡೆದವನನ್ನು ಹಿಡಿದುಕೊಂಡು ಹೋಗಿದ್ದರು. ಚಿನ್ನಿ ಅಷ್ಟರಲ್ಲಾಗಲೇ ಸತ್ತುಹೋಗಿತ್ತು. ಗೂಡು ಅಟ್ಟ ಸೇರಿತು. ಬೇಟೆ ಬಿಟ್ಟೆ ಎಂದು ದೊಡ್ಡಪ್ಪ ದೇವರ ಮುಂದೆ ದೀಪ ಮುಟ್ಟಿ ಹೇಳಿದರು. ದೊಡ್ಡಮ್ಮ ಮಾತ್ರ "ದೀಪ ಮುಟ್ಟುವಾಗ ಚಪ್ಪಲಿ ಬಿಟ್ಟಿದ್ರಾ, ನೋಡಿದ್ರಾ ಯಾರಾದ್ರೂ?" ಎಂದು ವಿಚಾರಿಸಿದಳು.

ಹಾಗೆ ಎಷ್ಟೋ ವರ್ಷ ಕಳೆದವು. ಪವಿತ್ರ ಹುಟ್ಟಿ, ಬೆಳೆದು, ಓದಿ, ಫಾರೆಸ್ಟ್ ಗಾರ್ಡ್ ಆದಳು. ಅವಳ ಅಪ್ಪ, ಅಮ್ಮ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಸುತ್ತಾರೆ. ಇವಳು ಚಿಕ್ಕಂದಿನಿಂದಲೂ ತಾತನ ಮಗ್ಗುಲಲ್ಲೇ. ಆರ್ಡರ್ ಬಂದ ದಿನ ದೊಡ್ಡಪ್ಪ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದು ಒಂದೇ ಮಾತು: "ನನ್ನ ಹಿಡಿಯಾಕೆ ಸರ್ಕಾರದವರಿಗೆ ಯಾರೂ ಸಿಗಲಿಲ್ಲ ನೋಡಪ್ಪಾ, ನನ್ನ ಮನೇಲೇ ಆಳು ಹುಡುಕವ್ರೆ!" ನಗುತ್ತಲೇ ಹೇಳಿದರು, ಆದರೆ ಆವತ್ತು ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡಿದ್ದೇನೆ.

ಈಗ ನಿಮಗೆ ಮಡಕೆಯ ಕಷ್ಟ ಅರ್ಥವಾಗಿರಬೇಕು. ಪವಿತ್ರಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೌಜುಗವನ್ನು ಹಿಡಿಯುವುದಿರಲಿ, ಗೂಡಿನಲ್ಲಿಟ್ಟುಕೊಳ್ಳುವುದೂ ಅಪರಾಧ. ಗಾರ್ಡಿನ ಮನೆಯಲ್ಲೇ ಅದು ಸಿಕ್ಕರೆ?

"ಅಟ್ಟದಲ್ಲಿ ಗೂಡು ಇಲ್ಲ ಅಜ್ಜಿ. ನೋಡಿ ಬಂದೆ," ಪವಿತ್ರ ಹೇಳಿದಳು. "ಬೇರೆ ಯಾರಾದ್ರೂ ಆಗಿದ್ರೆ ನಾನೇ ಹೋಗಿ ಹಿಡೀತಿದ್ದೆ. ತಾತನ್ನ ಹೆಂಗೆ ಹಿಡೀಲಿ? ಹಿಡೀದಿದ್ರೆ ನಾಳೆ ಇನ್ನೊಬ್ಬರನ್ನ ಯಾವ ಮುಖ ಇಟ್ಕೊಂಡು ಹಿಡೀಲಿ?"

ದೊಡ್ಡಮ್ಮ ತನ್ನ ಅನುಮಾನವನ್ನು ಹೊರತೆಗೆದಳು. ಅದು ಬೇರೆಯೇ ಜಾತಿಯದು. "ಹಕ್ಕಿಗಿಕ್ಕಿ ಏನೂ ಅಲ್ಲ ಕಣೇ. ಈ ಮನುಷ್ಯ ಮೂರ್ನಾಲ್ಕು ತಿಂಗಳಿಂದ ದಿನಾ ಕೆಳಗಿನ ಮನೆ ನಂಜಮ್ಮನ ಹಿತ್ತಿಲಿಗೆ ಹೋಗಿ ಬರ್ತಾವ್ರೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಯಾಕ್ರೀ ಅಂದ್ರೆ, ಕೋಳಿ ನೋಡಕ್ಕೆ ಅಂತಾರೆ. ಕೋಳಿ ನೋಡೋ ವಯಸ್ಸಾ ಅದು?"

ನಂಜಮ್ಮನಿಗೂ ಹಲ್ಲು ಬಿದ್ದು ಎಷ್ಟೋ ವರ್ಷವಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದು ಪಡಸಾಲೆಗೂ ಕೇಳಿರಬೇಕು, ಗೊರಕೆ ಥಟ್ಟನೆ ನಿಂತಿತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡಪ್ಪ ಎದ್ದು, ಮುಖ ತೊಳೆದು, ಹುಳದ ಮನೆಗೆ ಹೋದರು. ಹುಳ ಸಾಕುವುದನ್ನು ಬಿಟ್ಟ ಮೇಲೆ ಅದು ಗುಜರಿ ಮನೆ. ಅಲ್ಲಿಂದ ಹೊರಬಂದಾಗ ಹೆಗಲ ಮೇಲೆ ಉಬ್ಬಿದ ಚೀಲವಿತ್ತು, ಮೇಲೊಂದು ಟವೆಲ್ಲು. ನಾವು ಮೂವರೂ ಸೇರಿ ಗೋಡೆ ಕಡೆ ತಿರುಗಿದೆವು. ಅವರು ಮೂಡಲ ಕಡೆ ಹೊರಟರು.

"ಪಡುವಲಕ್ಕೆ ಹೋಗ್ತಾವ್ರೆ. ಏಳ್ರೇ," ಅಂದಳು ದೊಡ್ಡಮ್ಮ.

ಬೇಟೆಗಾರನನ್ನು ಬೇಟೆಯಾಡುವ ಪಡಿಪಾಟಲು ನಿಮಗೆ ಬೇಡ. ಪವಿತ್ರಳೇನೋ ಕಲಿತವಳು, ಬೆಕ್ಕಿನ ಹಾಗೆ ಹೆಜ್ಜೆಯಿಡುತ್ತಾಳೆ. ದೊಡ್ಡಮ್ಮನ ಮಂಡಿ ಲಟ್ ಲಟ್ ಎನ್ನುತ್ತದೆ. ನನ್ನ ಕೈಬಳೆಗಳನ್ನು ಸೆರಗಿನಲ್ಲಿ ಸುತ್ತಿಕೊಳ್ಳಲು ಹೇಳಿದ್ದರು, ಬಾಯಿಗೆ ಬೀಗ ಹಾಕಲು ಹೇಳಿದ್ದರು. ಎರಡನ್ನೂ ಪಾಲಿಸಿದೆ. ಆದರೆ ಕೆರೆ ಏರಿಯ ಮೇಲೆ ಮುಳ್ಳು ತುಳಿದಾಗ 'ಅಮ್ಮಾ' ಅಂದದ್ದು ನನ್ನ ಲೆಕ್ಕದಲ್ಲಿ ಮಾತಲ್ಲ. ದೊಡ್ಡಪ್ಪ ಹಿಂತಿರುಗಿ ನೋಡಲಿಲ್ಲ. ಅಷ್ಟಕ್ಕೇ ನಮಗೆ ಅನುಮಾನ ಬರಬೇಕಿತ್ತು.

ಕೆರೆಯ ಹಿಂದೆ ಮೊದಲು ಬರೀ ಕುರುಚಲು, ಕತ್ತಾಳೆ ಬೇಲಿ. ಈಗ ಅರ್ಧಕ್ಕೆ ಲೇಔಟ್ ಮಾಡಿ ಸೈಟು ಕಲ್ಲುಗಳನ್ನು ನೆಟ್ಟಿದ್ದಾರೆ. ಮೇಲೆ ವಿಮಾನಗಳು ದೇವನಹಳ್ಳಿ ಕಡೆಗೆ ಇಳಿಯುತ್ತಿರುತ್ತವೆ. ದೊಡ್ಡಪ್ಪ ಉಳಿದ ಕತ್ತಾಳೆಯ ಮಗ್ಗುಲಲ್ಲಿ ಒಂದು ಸೈಟು ಕಲ್ಲಿನ ಮೇಲೆ ಕೂತರು. ನಾವು ಹೊಂಗೆ ಗಿಡದ ಹಿಂದೆ ಒಬ್ಬರ ಮೇಲೊಬ್ಬರು ಅಡಗಿ ಕೂತೆವು. ಅವರು ಚೀಲ ಬಿಚ್ಚಿದರು. ಅದೇ ಬಿದಿರಿನ ಗೂಡು. ಟವೆಲ್ಲು ತೆಗೆದರು. ಒಳಗಿಂದ ಎಳೆಯ ಗಂಟಲಿನಲ್ಲಿ, ಇನ್ನೂ ಸರಿಯಾಗಿ ಪಳಗದ ದನಿಯಲ್ಲಿ, "ಕಿಟೀಕ್ರ."

ಪವಿತ್ರಳ ಮುಖ ಸುಣ್ಣವಾಯಿತು. ಕತ್ತಾಳೆಯ ಒಳಗಿಂದ ಎಲ್ಲೋ ಒಂದು ಮಾರುತ್ತರ ಬಂತು. ದೊಡ್ಡಪ್ಪ ಬಾಗಿ ಗೂಡಿನ ಬಾಗಿಲು ತೆಗೆದರು.

ಹಕ್ಕಿ ಹೊರಬಂತು. ಅತ್ತ ಇತ್ತ ನೋಡಿತು. ದೊಡ್ಡಪ್ಪ ಎದ್ದು, ಖಾಲಿ ಗೂಡನ್ನು ಅಲ್ಲೇ ಬಿಟ್ಟು, ಮೆಲ್ಲಗೆ ನಡೆದುಹೋದರು. ಹಕ್ಕಿ ಅವರ ಹಿಂದೆ ಓಡಿತು. ಅವರು ನಿಂತರು, ಅದೂ ನಿಂತಿತು. ಅವರು ಕಾಲು ಅಪ್ಪಳಿಸಿ "ಹುಶ್" ಅಂದರು. ಅದು ಅವರ ಚಪ್ಪಲಿಯ ಉಂಗುಟವನ್ನು ಕುಕ್ಕಿತು. ಟವೆಲ್ಲು ಬೀಸಿದರು. ಅದು ಆಟವೆಂದುಕೊಂಡು ಸುತ್ತ ಒಂದು ಸುತ್ತು ಓಡಿತು. ಕೊನೆಗೆ ದೊಡ್ಡಪ್ಪ ಸೋತು ಮತ್ತೆ ಕಲ್ಲಿನ ಮೇಲೆ ಕೂತು, ನಮ್ಮ ಕಡೆ ತಿರುಗದೆಯೇ ಹೇಳಿದರು:

"ಮೂವರೂ ಬಂದು ಈ ಕಡೆ ಕೂತ್ಕಳಿ. ಗಾಳಿ ನಿಮ್ಮ ಕಡೆಯಿಂದ ಬೀಸ್ತಾ ಐತೆ. ಪೌಡರ್ ವಾಸನೆಗೆ ಆ ಕತ್ತಾಳೆಯೋನು ಈಚೆಗೇ ಬರ್ತಿಲ್ಲ."

ಪೌಡರ್ ಹಾಕಿದ್ದು ನಾನು.

ಕಥೆಯೆಲ್ಲ ಆಗ ಹೊರಬಿತ್ತು. ಲೇಔಟಿನವರ ಜೆಸಿಬಿ ಕತ್ತಾಳೆ ಬೇಲಿ ಕೀಳುತ್ತಿದ್ದಾಗ ದೊಡ್ಡಪ್ಪ ಅಲ್ಲಿ ನಿಂತಿದ್ದರಂತೆ. ತಾಯಿಹಕ್ಕಿ ಹಾರಿಹೋಗಿ, ಮಣ್ಣಿನಲ್ಲಿ ಮೊಟ್ಟೆಗಳು ಬಿದ್ದಿದ್ದವು. ಅವನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋಗಿ ನಂಜಮ್ಮನ ಕಣ್ಣು ತಪ್ಪಿಸಿ ಅವಳ ಕಾವು ಕೂತ ಕೋಳಿಯ ಕೆಳಗೆ ಇಟ್ಟರು. ಮರಿಯಾಗಿ ಉಳಿದದ್ದು ಒಂದೇ. ಅದು ಬೆಳೆದ ಮೇಲೆ ಈಚೆಗೆ ಹುಳದ ಮನೆಗೆ ತಂದು, ಕೂಗದಂತೆ ಗೂಡಿಗೆ ಬಟ್ಟೆ ಮುಚ್ಚಿಟ್ಟಿದ್ದರು.

"ಅಂದ್ರೆ ಕೋಳಿ ನೋಡಕ್ಕೇ ಹೋಗ್ತಿದ್ದದ್ದಾ?" ದೊಡ್ಡಮ್ಮ ಕೇಳಿದಳು.

"ಮತ್ತಿನ್ನೇನು ನಂಜಮ್ಮನ ನೋಡಕ್ಕಾ? ಅವಳು ನನ್ನ ಕಂಡ್ರೆ ಪೊರಕೆ ಎತ್ಕಂತಾಳೆ, ಕೋಳಿ ಕದಿಯಕ್ಕೆ ಬಂದೆ ಅಂತ."

ಪವಿತ್ರ ನಗಲಿಲ್ಲ. "ತಾತ, ಇದು ಕೇಸು. ನಿನಗೆ ಗೊತ್ತು ತಾನೆ?"

"ಗೊತ್ತು ಕಣವ್ವ. ಅದಕ್ಕೇ ನಿನಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಬರ್ಕೋಬೇಕಾಯ್ತದೆ. ಬರ್ಕೊಳ್ದಿದ್ರೆ ನೀನು ಹಾಕ್ಕಂಡಿರೋ ಬಟ್ಟೆ ಸುಳ್ಳಾಯ್ತದೆ. ರೆಕ್ಕೆ ಬಲಿತ ಮೇಲೆ ಸುಮ್ನೆ ಬಿಟ್ಟು ಬಂದ್ಬಿಡಣ ಅಂತ ಇದ್ದೆ." ಹಕ್ಕಿ ಅವರ ಪಾದದ ಮೇಲೆ ಹತ್ತಿ ಕೂತಿತ್ತು. ಅದನ್ನೇ ನೋಡುತ್ತ ಅವರು ಹೇಳಿದರು, "ಹತ್ರಕ್ಕೆ ಕರೆಯೋ ಇದ್ಯೆ ಎಲ್ಲಾ ಬತ್ತದೆ ನಂಗೆ. ಹೋಗು ಅಂತ ಹೆಂಗೆ ಹೇಳೋದೋ, ಅದನ್ನ ಯಾವನೂ ಹೇಳ್ಕೊಡ್ಲಿಲ್ಲ."

ಪವಿತ್ರ ಗೂಡನ್ನು ಎತ್ತಿಕೊಂಡಳು. ಚೀಲವನ್ನು ಮಡಿಸುವಾಗ ತಳದಲ್ಲಿ ಏನೋ ಕೈಗೆ ಸಿಕ್ಕಿತು. ತೆಗೆದರೆ ಒಂದು ಗೊಂಚಲು ಕುದುರೆಕೂದಲಿನ ಉರುಳು.

"ಇದ್ಯಾಕೆ ತಾತ?"

"ಚೀಲದಲ್ಲಿದ್ವು. ಚೀಲ ತಂದೆ, ಅವೂ ಬಂದ್ವು."

ಉರುಳುಗಳಿಗೆ ಎಣ್ಣೆ ಸವರಿತ್ತು. ಹಳೆಯ ಎಣ್ಣೆಯಲ್ಲ. ನಾನು ಮೂಸಿ ನೋಡಿದ್ದೇನೆ, ಗಾಣದ ಕಡಲೆಕಾಯಿ ಎಣ್ಣೆ, ನಮ್ಮ ಅಡಿಗೆಮನೆಯದೇ. ಕತ್ತಾಳೆಯಿಂದ ಉತ್ತರ ಬಂದಾಗ ದೊಡ್ಡಪ್ಪನ ಬಲಗೈಯ ಬೆರಳುಗಳು ತಾವಾಗಿಯೇ ಮಡಿಚಿಕೊಂಡದ್ದನ್ನೂ ಕಂಡಿದ್ದೇನೆ. ಅವರು ಹಕ್ಕಿಯನ್ನು ಬಿಡಲು ಬಂದಿದ್ದರೋ, ಪಳಗಿಸಲು ಬಂದಿದ್ದರೋ, ಬಿಡಲೆಂದು ಬಂದವರಿಗೆ ಆ ಕೂಗು ಕೇಳಿ ಹಳೇ ಚಪಲ ಎದ್ದಿತ್ತೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ದೊಡ್ಡಮ್ಮನನ್ನು ಕೇಳಿದರೆ, "ಎಲ್ಡೂ ಇರ್ತದೆ ಕಣೇ, ಗಂಡಸರ ಚೀಲದಲ್ಲಿ" ಎಂದು ಮಾತು ಮುಗಿಸಿದಳು.

ಮಾರನೆಯ ದಿನ ಪವಿತ್ರ ತಾನೇ ಹೋಗಿ ತನ್ನ ಮೇಲಿನ ಅಧಿಕಾರಿಗೆ ಎಲ್ಲವನ್ನೂ ಹೇಳಿದಳು. ಹೊಸಿಲು ದಾಟುವಾಗ ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ದೊಡ್ಡಪ್ಪ ಇಡೀ ಬೆಳಿಗ್ಗೆ ಒಗೆದ ಪಂಚೆ ಉಟ್ಟುಕೊಂಡು, ಹಿಡಿದುಕೊಂಡು ಹೋಗಲು ಬರುವವರನ್ನು ಕಾಯುತ್ತ ಕೂತಿದ್ದರು. ಆ ಅಧಿಕಾರಿ ಒಬ್ಬರೇ ಬಂದರು. ಹಕ್ಕಿಯನ್ನು ನೋಡಿದರು, ಕತ್ತಾಳೆಯನ್ನು ನೋಡಿದರು, ಮುದುಕರನ್ನು ಬಹಳ ಹೊತ್ತು ನೋಡಿದರು. ಬುದ್ಧಿ ಹೇಳಿ, ಇನ್ನು ಹಕ್ಕಿ ಹಿಡಿಯುವುದಿಲ್ಲವೆಂದು ಬರೆಸಿಕೊಂಡರು. ಗೂಡನ್ನೂ ಉರುಳನ್ನೂ ನೀರೊಲೆಗೆ ಹಾಕಿಸಿದರು. "ನೋಡಿ ಯಜಮಾನ್ರೆ, ಇದು ಇಲ್ಲೇ ಬದುಕಲಿ. ಆದ್ರೆ ನೀವು ತಿನ್ನಕ್ಕೆ ಹಾಕೋ ಹಂಗಿಲ್ಲ. ಕೂಗಿದ್ರೆ ಓ ಅನ್ನೋ ಹಂಗಿಲ್ಲ. ಮನುಷ್ಯರ ಆಸೆ ಬಿಡಬೇಕು ಅದು."

ಹಕ್ಕಿಯನ್ನು ಕತ್ತಾಳೆಯ ಹತ್ತಿರ ಬಿಟ್ಟು ಬಂದವಳು ಪವಿತ್ರ. ಸಂಜೆಯಾಗುವಷ್ಟರಲ್ಲಿ ಅದು ಕೆರೆ ಏರಿ ಇಳಿದು, ನಡೆದುಕೊಂಡೇ, ಹುಳದ ಮನೆಯ ಮುಂದೆ ಬಂದು ನಿಂತಿತು.

"ಕಿಟೀಕ್ರ."

ನಾವು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆವು. ದೊಡ್ಡಪ್ಪ ಮಂಚದ ಮೇಲೆ, ಎದುರಿಗೆ ದೊಡ್ಡಮ್ಮ ಕಾವಲು. ಬಾಯಿಂದ ಕೌಜುಗದ ಕೂಗು ಹಾಕುವುದರಲ್ಲಿ ದೊಡ್ಡಪ್ಪನಿಗೆ ಸಮ ಇರಲಿಲ್ಲ. ಕೂಗು ಕೇಳಿದರೆ ಸಾಕು, ಉಣ್ಣುತ್ತಿದ್ದರೂ ತುತ್ತು ಪಕ್ಕಕ್ಕೆ ತಳ್ಳಿ ಉತ್ತರ ಕೊಡುತ್ತಿದ್ದ ಮನುಷ್ಯ. 

"ಕಿಟೀಕ್ರ, ಕಿಟೀಕ್ರ."

ಅವರ ಗಂಟಲಿನ ಗಂಟು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. "ಓ ಅಂದೀರ, ಜೋಕೆ," ಅಂದಳು ದೊಡ್ಡಮ್ಮ. ದೊಡ್ಡಪ್ಪ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ಹೊರಗೆ ಹಕ್ಕಿ ಕತ್ತಲಾಗುವ ತನಕ ಕೂಗಿ, ಕೂಗಿ, ಹೋಯಿತು.

ನಾನು ದೊಡ್ಡಬಳ್ಳಾಪುರಕ್ಕೆ ಬಂದ ಮೇಲೂ ಕೆಲವು ಸಂಜೆ ಬರುತ್ತಿತ್ತಂತೆ. ಪವಿತ್ರ ಫೋನಿನಲ್ಲಿ ಹೇಳುತ್ತಿದ್ದಳು. ದೊಡ್ಡಪ್ಪ ಹೊರಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿದ್ದರು, ಎಲ್ಲಿ ತನ್ನ ಹಿಂದೆ ಬಂದುಬಿಡುತ್ತದೋ ಎಂದು. ಅರಳಿಕಟ್ಟೆಗೂ ಇಲ್ಲ, ಹೊಲಕ್ಕೂ ಇಲ್ಲ. ಒಂದು ಸಂಜೆ ಹಕ್ಕಿ ಬರಲಿಲ್ಲ. ಮರುದಿನವೂ ಬರಲಿಲ್ಲ. "ತಾತ ಆವತ್ತು ಸರಿಯಾಗಿ ಉಣ್ಲಿಲ್ಲ ಅತ್ತೆ. ಕೇಳಿದ್ರೆ, ಗೆದ್ದೆ ಕಣವ್ವ ಅಂದ್ರು" ಎಂದಳು ಪವಿತ್ರ. ಅವಳ ಕೆಲಸಕ್ಕೆ ಏನೂ ತೊಂದರೆಯಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಹೋದರು. ಮಧ್ಯಾಹ್ನ ಉಂಡು ಅದೇ ಮಂಚದ ಮೇಲೆ ಮಲಗಿದ್ದಾರೆ. ಗೊರಕೆ ಕೇಳಲಿಲ್ಲವಲ್ಲ, ಮತ್ತೇನೋ ನಾಟಕ ಎಂದುಕೊಂಡು ದೊಡ್ಡಮ್ಮ ಅಡಿಗೆಮನೆಯಿಂದಲೇ ಗದರಿದಳಂತೆ: "ಸಾಕು ಏಳ್ರೀ, ಇಲ್ಲಿ ಯಾರೂ ಗುಟ್ಟು ಮಾತಾಡ್ತಿಲ್ಲ." ಎಷ್ಟು ಗದರಿದರೂ ಅವರು ಏಳಲಿಲ್ಲ.

ಕಾರ್ಯವೆಲ್ಲ ಮುಗಿದು, ನೆಂಟರೆಲ್ಲ ಹೊರಟುಹೋಗಿ, ಸಂಕ್ರಾಂತಿ ಹತ್ತಿರವಾದಾಗ ನಾನು ಇನ್ನೊಮ್ಮೆ ತವರಿಗೆ ಹೋಗಿದ್ದೆ. ಬೆಳಿಗ್ಗೆ ಬಾಗಿಲು ತೆರೆದ ಸದ್ದಿಗೆ ಎಚ್ಚರವಾಯಿತು. ಎದ್ದು ಬಂದು ನೋಡಿದರೆ ದೊಡ್ಡಮ್ಮ ಹೊಸಿಲು ದಾಟುತ್ತಿದ್ದಳು. ಸೆರಗಿನ ಕೆಳಗೆ ಏನೋ ದುಂಡಗೆ ಉಬ್ಬಿತ್ತು. ಕೈಗೆ ಸಗಣಿ ಮೆತ್ತಿತ್ತು.

ನಾನು ನಿದ್ದೆಗಣ್ಣಿನಲ್ಲಿ ಕೇಳಿಯೇಬಿಟ್ಟೆ. "ಎಲ್ಲಿಗೆ ದೊಡ್ಡಮ್ಮ?"

ಅವಳು ತಿರುಗಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. "ಬುದ್ಧಿ ಐತೇನೇ ನಿಂಗೆ? ಹೊರಟವರನ್ನ ಎಲ್ಲಿಗೆ ಅಂತಾರಾ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಒಳಗಿನ ಕೋಣೆಯಲ್ಲಿ ಪವಿತ್ರ ಮಗ್ಗುಲು ಬದಲಾಯಿಸಿದ ಸದ್ದಾಯಿತು. ಇಬ್ಬರೂ ಉಸಿರು ಹಿಡಿದು ನಿಂತೆವು.

ಆಮೇಲೆ ದೊಡ್ಡಮ್ಮ ಒಳಗೆ ಬಂದು, ದೊಡ್ಡಪ್ಪನ ಮಂಚದ ಅಂಚಿನಲ್ಲಿ ಕೂತು, ಚೊಂಬಿನಿಂದ ಒಂದು ಗುಟುಕು ನೀರು ಕುಡಿದು, ಸೆರಗು ಸರಿಮಾಡಿಕೊಂಡು ಎದ್ದಳು. ಹೊರಗೆ ಹೋಗಿ ಮೂಡಲ ಕಡೆ ನಡೆದಳು.

ನಾನು ಗೋಡೆ ಕಡೆ ತಿರುಗಿ ನಿಂತೆ.